ಆಟ ಯಾರಿಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಏನು ತಿನ್ನಬೇಕೆಂಬುದು ನಮ್ಮ ನಾಲಗೆಗೆ ಬಿಟ್ಟ ವಿಷಯ, ಹೇಗೆ ಕಾಣಬೇಕೆಂಬುದು ನಾಲ್ಕು ಜನರ ಕಣ್ಣಿಗೆ ಬಿಟ್ಟ ವಿಷಯ ಎಂದು ಹಿರಿಯರು ಬದುಕನ್ನು ಎರಡು ಪಾಲು ಮಾಡಿಕೊಟ್ಟರು. ಹೆಣ್ಣುಮಕ್ಕಳಿಗೆ ಆ ಮೊದಲನೆಯ ಪಾಲೂ ಪೂರ್ತಿ ಸಿಕ್ಕಿದ್ದಿಲ್ಲ ಎನ್ನುವುದು ಬೇರೆ ಮಾತು. ಆದರೂ ಗಾದೆಯ ಬಗ್ಗೆ ನನಗೆ ದೊಡ್ಡ ತಕರಾರೇನೂ ಇರಲಿಲ್ಲ. ಈಚೆಗೆ ಮಾತ್ರ ಊಟಕ್ಕೂ ನೋಟಕ್ಕೂ ಸೇರದ ಮೂರನೆಯದೊಂದು ನನ್ನನ್ನು ಕಾಡತೊಡಗಿದೆ. ಅದು ಆಟ. ಒಬ್ಬಳೇ ಕುಳಿತು ಆಡುವುದಾದರೆ ಅದು ಊಟದ ಹಾಗೆ, ತನ್ನಿಚ್ಛೆ. ನಾಲ್ಕು ಜನ ಕೂಡಿ ಆಡುವುದಾದರೆ ಯಾರಿಚ್ಛೆ? ಕಳೆದ ಒಂದೆರಡು ವರ್ಷಗಳಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ಒಂದು ಚರ್ಚೆ ನನ್ನನ್ನು ಈ ಪ್ರಶ್ನೆಯ ಮುಂದೆ ತಂದು ನಿಲ್ಲಿಸಿದೆ.

ಚರ್ಚೆಯ ವಸ್ತು ಕಂಪ್ಯೂಟರು. ಇಷ್ಟು ಓದಿದೊಡನೆ ಪುಟ ಮಗುಚಬೇಡಿ. ನಾನೂ ಕಂಪ್ಯೂಟರ್ ಶಾಸ್ತ್ರ ಓದಿದವಳಲ್ಲ. ಬೇಕಾದಷ್ಟನ್ನು ಮಗಳಿಂದ ಕೇಳಿ, ಅವಳು ಬೇಸರಪಟ್ಟುಕೊಂಡಾಗ ಮತ್ತೆ ಕೇಳಿ ತಿಳಿದವಳು. ನನ್ನ ಮಗಳಿಗೆ ಹೈಸ್ಕೂಲಿನಿಂದ ನಾಲ್ವರು ಗೆಳತಿಯರು. ಪಿಯುಸಿ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಊರು ಸೇರಿದರು. ಒಬ್ಬಳು ಹುಬ್ಬಳ್ಳಿ, ಒಬ್ಬಳು ಮೈಸೂರು, ಒಬ್ಬಳು ಬೆಂಗಳೂರು, ಇನ್ನೊಬ್ಬಳು ಮದುವೆಯಾಗಿ ಪುಣೆ. 2020ರ ಲಾಕ್‌ಡೌನ್ ದಿನಗಳಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಈ ಐವರು ಶನಿವಾರ ರಾತ್ರಿ ಕಂಪ್ಯೂಟರಿನಲ್ಲಿ ಕೂಡಿ ಆಡುವ ರೂಢಿ ಮಾಡಿಕೊಂಡರು. ಐದು ಜನರ ತಂಡ ಕಟ್ಟಿ ಇನ್ನೊಂದು ತಂಡದೊಡನೆ ಕಾದಾಡುವ ಆಟ. ಲಾಕ್‌ಡೌನ್ ಹೋಯಿತು, ಆಟ ಉಳಿಯಿತು. ಪಕ್ಕದ ಕೋಣೆಯಲ್ಲಿ ಮಲಗಿದ ನನಗೆ ಮಗಳ ಮಾತು ಕೇಳಿಸುತ್ತಿರುತ್ತದೆ. ‘ಹಿಂದೆ ಬಾರೇ, ಹಿಂದೆ ಬಾ, ಗೋಡೆ ಹಿಂದೆ ಇಬ್ಬರಿದ್ದಾರೆ’ ಎಂದು ಕೂಗುತ್ತಿದ್ದವಳು ಅದೇ ಉಸಿರಿನಲ್ಲಿ ‘ಅಲ್ಲಾ, ನಿಮ್ಮತ್ತೆಯ ಮಂಡಿನೋವು ಹೇಗಿದೆ?’ ಎಂದು ವಿಚಾರಿಸುತ್ತಾಳೆ!

ಆಟವೆಂದರೆ ಹಗುರವಾಗಿ ನೋಡುವವರಿದ್ದಾರೆ. ನಾನು ಹಾಗೆ ನೋಡಲಾರೆ. ಧಾರವಾಡದ ಕಡೆಯ ನನ್ನ ತವರಿನಲ್ಲಿ, ಬೇಸಗೆಯ ಮಧ್ಯಾಹ್ನ ಹಪ್ಪಳ ಸಂಡಿಗೆಯ ಕೆಲಸ ಮುಗಿದ ಮೇಲೆ, ಅವ್ವ, ಚಿಕ್ಕವ್ವ, ನೆರೆಮನೆಯ ವೈನಿ ಎಲ್ಲ ಪಡಸಾಲೆಯ ನೆಲದ ಮೇಲೆ ಸುಣ್ಣದಿಂದ ಐದೈದರ ಮನೆ ಬರೆದು, ಕವಡೆ ಚೆಲ್ಲಿ ಚೌಕಾಬಾರ ಆಡುತ್ತಿದ್ದರು. ಚೌಕ ಬಿತ್ತು, ಬಾರ ಬಿತ್ತು ಎಂಬ ಗದ್ದಲದ ನಡುವೆಯೇ ಯಾರ ಮನೆಯಲ್ಲಿ ಸಾಲ ಎಷ್ಟಾಗಿದೆ, ಯಾರಿಗೆ ಯಾವ ಔಷಧಿ ನಾಟಲಿಲ್ಲ, ಯಾರ ಮಗಳು ಯಾಕೆ ತವರಿಗೆ ಬಂದು ಕೂತಿದ್ದಾಳೆ ಎಂಬುದೆಲ್ಲ ಹೊರಬೀಳುತ್ತಿತ್ತು. ಎದುರೆದುರು ಕುಳಿತು ‘ನನ್ನ ಕಷ್ಟ ಕೇಳು’ ಎನ್ನಲು ನಾಚುವವರಿಗೂ ಕೈಯಲ್ಲಿ ಕವಡೆ ಇದ್ದರೆ ಮಾತು ತಾನಾಗಿ ಬರುತ್ತದೆ. ಕಣ್ಣು ಮಣೆಯ ಮೇಲಿರುತ್ತದೆ, ಮನಸ್ಸು ಬಿಚ್ಚಿಕೊಳ್ಳುತ್ತದೆ. ನನ್ನ ಮಗಳ ಶನಿವಾರ ರಾತ್ರಿ ಅಂಥ ಪಡಸಾಲೆ. ಅದನ್ನು ಕಳೆದುಕೊಳ್ಳುವುದೆಂದರೆ ಬರಿಯ ಆಟ ಕಳೆದುಕೊಳ್ಳುವುದಲ್ಲ.

ಇನ್ನು ಲಿನಕ್ಸ್ ಮತ್ತು ವಿಂಡೋಸ್ ಎಂದರೇನೆಂದು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕಂಪ್ಯೂಟರ್ ಎಂಬ ಯಂತ್ರವನ್ನು ನಡೆಸಲು ಅದರೊಳಗೆ ಒಂದು ಆಡಳಿತ ವ್ಯವಸ್ಥೆ ಬೇಕು, ಮನೆಗೊಬ್ಬ ಯಜಮಾನಿ ಬೇಕಾದ ಹಾಗೆ. ಅಂಗಡಿಯಿಂದ ತರುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದದ್ದು. ಅದನ್ನು ನಾವು ಬಳಸಬಹುದು. ಒಳಗೆ ಹೇಗೆ ಹೆಣೆದಿದ್ದಾರೆಂದು ನೋಡುವಂತಿಲ್ಲ, ತಿದ್ದುವಂತಿಲ್ಲ, ಪಕ್ಕದವರಿಗೆ ಪ್ರತಿ ಮಾಡಿ ಕೊಡುವಂತಿಲ್ಲ. ಲಿನಕ್ಸ್ ಹುಟ್ಟಿದ ಬಗೆ ಬೇರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕನ್ನರು, ಯಾರು ಬೇಕಾದರೂ ಬಳಸಬಹುದಾದ, ಓದಿ ತಿಳಿಯಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುತ್ತೇವೆಂದು ಸಾರಿ ‘ಗ್ನೂ’ ಎಂಬ ಯೋಜನೆ ಆರಂಭಿಸಿದರು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಹುಡುಗ ಲಿನಸ್ ಟೋರ್ವಾಲ್ಡ್ಸ್, ಹವ್ಯಾಸಕ್ಕೆಂದು ಅಂಥ ವ್ಯವಸ್ಥೆಯ ತಿರುಳೊಂದನ್ನು ಬರೆಯುತ್ತಿದ್ದೇನೆ ಎಂದು ತಿಳಿಸಿದ. ಮರುವರ್ಷ ಅದನ್ನೂ ಸ್ಟಾಲ್‌ಮನ್ ರೂಪಿಸಿದ್ದ ಷರತ್ತಿನಡಿಯೇ ಜನರ ಕೈಗೆ ಕೊಟ್ಟ. ಅಲ್ಲಿಂದ ಲೋಕದ ನಾನಾ ಮೂಲೆಗಳ ಸಾವಿರಾರು ಜನ ಅದಕ್ಕೆ ಕೈ ಜೋಡಿಸಿದರು. ಇದೆಲ್ಲ ದೂರದ ಮಾತೆನಿಸಿದರೆ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನು ಒಮ್ಮೆ ನೋಡಿ. ಅದರ ಒಡಲಲ್ಲಿರುವ ತಿರುಳು ಲಿನಕ್ಸೇ.

ನನಗೆ ಇದರ ಮರ್ಮ ತಿಳಿದದ್ದು ರಂಗೋಲಿ ಪುಸ್ತಕದಿಂದ. ನಮ್ಮೆಲ್ಲರ ಬಳಿಯೂ ಅಂಥದೊಂದು ಹಳೆಯ ನೋಟುಬುಕ್ಕು ಇರುತ್ತದೆಯಲ್ಲ? ಅತ್ತೆಯಿಂದ ಬಂದ ಎಳೆ, ಓರಗಿತ್ತಿ ಕಲಿಸಿದ ಮಂಡಲ, ಯಾವುದೋ ಮದುವೆಯ ಮನೆಯ ಅಂಗಳದಲ್ಲಿ ಕಂಡು ಬಸ್ ಟಿಕೆಟಿನ ಹಿಂದೆ ಗುರುತು ಹಾಕಿಕೊಂಡ ಬಳ್ಳಿ. ಮುಗಿದ ರಂಗೋಲಿಯನ್ನು ನೋಡಿದರೆ ಕಣ್ಣು ತಣಿಯಬಹುದು, ಕೈಗೆ ಬಾರದು. ಎಷ್ಟು ಚುಕ್ಕಿ, ಎಷ್ಟು ಸಾಲು, ನೇರವೋ ನಡುವೋ ಎಂಬ ಲೆಕ್ಕ ಸಿಕ್ಕಿದರೆ ಮಾತ್ರ ಅದು ನಮ್ಮದಾಗುತ್ತದೆ. ವಿಂಡೋಸ್ ನಮಗೆ ಮುಗಿದ ರಂಗೋಲಿಯನ್ನು ಕೊಡುತ್ತದೆ. ಲಿನಕ್ಸ್ ಚುಕ್ಕಿಯ ಲೆಕ್ಕವನ್ನೂ ಕೊಡುತ್ತದೆ. ಅಷ್ಟೇ ಅಲ್ಲ, ನೀನು ಅದನ್ನು ಬದಲಿಸಿ ಬೇರೆಯವರಿಗೆ ಕೊಡುವಾಗ ನಿನ್ನ ಚುಕ್ಕಿಯ ಲೆಕ್ಕವನ್ನೂ ಮುಚ್ಚಿಡದೆ ಕೊಡಬೇಕು ಎಂಬುದೊಂದೇ ಅದರ ಕಟ್ಟಳೆ. ನಾವು ಹೆಂಗಸರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದ ಪದ್ಧತಿಯನ್ನೇ ಇವರು ಕಾಗದಪತ್ರ ಮಾಡಿ ಕಾಯಿದೆಗೆ ತಂದಿದ್ದಾರೆ ಎನ್ನಿಸಿತು.

ಮಗಳು ಲಿನಕ್ಸ್ ಹಾಕಿಕೊಂಡದ್ದು ತತ್ವಕ್ಕಾಗಿ ಅಲ್ಲ. ಅವಳ ಲ್ಯಾಪ್‌ಟಾಪು ಆಮೆಯ ಹಾಗೆ ತೆವಳುತ್ತಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಯಾರೋ ಹೇಳಿದರೆಂದು ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕೂತು, ಎರಡು ಸಲ ಎಲ್ಲ ಅಳಿಸಿ, ಮೂರನೆಯ ಸಲಕ್ಕೆ ನಿಲ್ಲಿಸಿಕೊಂಡಳು. ಯಂತ್ರ ಚುರುಕಾಯಿತು. ಆಮೇಲೆ ಬಣ್ಣ ಬದಲಿಸಿದಳು, ಬೇಡದ್ದನ್ನು ಕಿತ್ತೆಸೆದಳು, ಪರದೆಯ ಮೇಲಿನ ಮಾತುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದಳು. ಕನ್ನಡ ಅಕ್ಷರಗಳ ಹೆಸರನ್ನು ನನಗೆ ತೋರಿಸಿದಳು: ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು. ವಿಂಡೋಸಿನ ಕನ್ನಡ ಅಕ್ಷರಕ್ಕೂ ತುಂಗಾ ಎಂಬ ಚೆಂದದ ಹೆಸರೇ ಇದೆ, ಇಲ್ಲವೆನ್ನಲಾರೆ. ಆದರೆ ಈ ಕೇದಗೆ ಮಲ್ಲಿಗೆಗಳನ್ನು ಯಾರು ಬೇಕಾದರೂ ಕಿತ್ತು ಮುಡಿದು, ಪಕ್ಕದವರಿಗೂ ಕೊಡಬಹುದು. ‘ಅಮ್ಮಾ, ಈ ಮನೆಯಲ್ಲಿ ನಾನು ನನಗೆ ಬೇಕಾದ ಹಾಗೆ ಜೋಡಿಸಿಕೊಂಡ ಮೊದಲನೆಯ ವಸ್ತು ಇದು’ ಎಂದಳು. ಹೆಣ್ಣುಮಗಳೊಬ್ಬಳು ಹೀಗೆ ಹೇಳಿದರೆ ಅದರ ತೂಕ ಎಷ್ಟೆಂದು ನಿಮಗೆ ನಾನು ವಿವರಿಸಬೇಕಿಲ್ಲ. ತತ್ವ ಅವಳಿಗೆ ಬಂದದ್ದು ಆಮೇಲೆ, ಆ ಸಂತೋಷದ ಬೆನ್ನಿಗೆ.

ಮೊದಮೊದಲು ಆಟಕ್ಕೆ ತೊಂದರೆಯಾಗಲಿಲ್ಲ. ವಿಂಡೋಸಿಗೆಂದು ಬರೆದದ್ದನ್ನು ಲಿನಕ್ಸಿನಲ್ಲಿ ನಡೆಸುವ ‘ವೈನ್’ ಎಂಬ ಉಪಾಯವನ್ನು 1993ರಿಂದಲೇ ಸ್ವಯಂಸೇವಕರು ಕಟ್ಟುತ್ತ ಬಂದಿದ್ದಾರೆ. ದುಭಾಷಿಯೊಬ್ಬ ಪಕ್ಕದಲ್ಲಿ ನಿಂತು ಮಾತನ್ನು ತಿರುಗಿಸಿ ಹೇಳುವ ಹಾಗೆ ಅದರ ಕೆಲಸ. ಆಟಗಳನ್ನು ಮಾರುವ ವಾಲ್ವ್ ಎಂಬ ಕಂಪನಿ 2018ರಲ್ಲಿ ಇದನ್ನೇ ಬೆಳೆಸಿ ‘ಪ್ರೋಟಾನ್’ ಎಂದು ಹೊರತಂದಿತು. 2022ರಲ್ಲಿ ಲಿನಕ್ಸಿನಿಂದಲೇ ನಡೆಯುವ ‘ಸ್ಟೀಮ್ ಡೆಕ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನೂ ಮಾರಿತು. ಹೀಗಾಗಿ ಸಾವಿರಾರು ಆಟಗಳು ಈಗ ಎರಡೂ ಕಡೆ ನಡೆಯುತ್ತವೆ. ವಿಚಿತ್ರ ನೋಡಿ, ಒಬ್ಬರೇ ಕೂತು ಆಡುವ ಆಟಗಳಿಗೆ ಬಾಗಿಲು ಬಹುಮಟ್ಟಿಗೆ ತೆರೆದಿದೆ. ಬೀಗ ಬಿದ್ದಿರುವುದು ಹೆಚ್ಚಾಗಿ ಕೂಡಿ ಆಡುವ ಆಟಗಳಿಗೆ. ಎಲ್ಲಕ್ಕೂ ಅಲ್ಲ, ಆದರೆ ಹೆಸರುವಾಸಿಯಾದ ಹಲವಕ್ಕೆ.

ಅದಕ್ಕೆ ಕಾರಣವಿದೆ. ಕೂಡಿ ಆಡುವಲ್ಲಿ ಮೋಸ ಹುಟ್ಟುತ್ತದೆ. ಗೋಡೆಯ ಆಚೆಗಿರುವವರನ್ನು ಕಾಣಿಸಿಕೊಡುವ, ಗುರಿಯನ್ನು ತಾನೇ ಹಿಡಿದುಕೊಡುವ ಕಳ್ಳ ಉಪಾಯಗಳು ಬಿಕರಿಗೆ ಸಿಗುತ್ತವೆ. ಅವನ್ನು ಹಿಡಿಯಲು ಕಂಪನಿಗಳು ಒಬ್ಬ ಕಾವಲುಗಾರನನ್ನು ಆಟದ ಜೊತೆಗೆ ಕಳಿಸುತ್ತವೆ. ಕಳ್ಳ ಆಳಕ್ಕೆ ಇಳಿದಂತೆಲ್ಲ ಕಾವಲುಗಾರನೂ ಇಳಿಯುತ್ತಾನೆ. ಈಗ ಹಲವು ಆಟಗಳ ಕಾವಲುಗಾರರು ಕಂಪ್ಯೂಟರಿನ ತಿರುಳಿನೊಳಗೇ, ಅಂದರೆ ದೇವರ ಕೋಣೆ, ಖಜಾನೆ, ಅಡುಗೆಮನೆ ಎಲ್ಲದರ ಕೀಲಿಕೈ ಇರುವ ಜಾಗದಲ್ಲೇ, ಕೂರುತ್ತಾರೆ. ಕೆಲವರಂತೂ ಆಟ ತೆರೆದಾಗಲ್ಲ, ಕಂಪ್ಯೂಟರ್ ಹಚ್ಚಿದ ಗಳಿಗೆಯಿಂದಲೇ ಎಚ್ಚರವಾಗಿರುತ್ತಾರೆ. ಲಿನಕ್ಸಿನಲ್ಲಿ ತಿರುಳನ್ನು ಮನೆಯವರೇ ತಿದ್ದಬಹುದಾದ್ದರಿಂದ, ‘ಗೋಡೆಯನ್ನೇ ಜರುಗಿಸಬಲ್ಲವರ ಮನೆಯನ್ನು ನಾನು ಕಾಯಲಾರೆ’ ಎನ್ನುತ್ತಾನೆ ಕಾವಲುಗಾರ. 2024ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಆಟಕ್ಕೆ ಇಂಥ ಕಾವಲು ಬಂದು ಲಿನಕ್ಸಿನವರು ಹೊರಗುಳಿದರು. ಅದೇ ವರ್ಷದ ಅಕ್ಟೋಬರ್ ಕೊನೆಗೆ ‘ಅಪೆಕ್ಸ್ ಲೆಜೆಂಡ್ಸ್’ ಆಟದವರು, ಲಿನಕ್ಸಿನ ಮುಕ್ತತೆಯೇ ಮೋಸಗಾರರನ್ನು ಸೆಳೆಯುತ್ತಿದೆಯೆಂದು ಹೇಳಿ ಬಾಗಿಲು ಹಾಕಿದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಪ್ರಾಮಾಣಿಕವಾಗಿ ಆಡುವವರು ಮೋಸದಿಂದ ರೋಸಿಹೋಗಿದ್ದಾರೆ. ಆದರೆ ಕೀಲಿಕೈ ಕೊಡುವುದು ಸಣ್ಣ ಮಾತೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತದಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದು ಬಿದ್ದವು. ನಮ್ಮ ದೇಶದಲ್ಲೂ ವಿಮಾನ ಹತ್ತುವವರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಅದು ಆಟದ ಕಾವಲುಗಾರನಲ್ಲ, ಕೆಟ್ಟ ಉದ್ದೇಶವೂ ಅಲ್ಲಿರಲಿಲ್ಲ. ತಿರುಳಿನೊಳಗೆ ಕೂತವನ ಒಂದು ಎಡವಟ್ಟು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಮಾತ್ರ ಹೇಳಿದೆ.

ನನ್ನ ಮಗಳ ಬಳಗ ಆಡುತ್ತಿದ್ದ ಆಟಕ್ಕೂ ಒಂದು ದಿನ ಕಾವಲುಗಾರ ಬಂದ. ಆ ಆಟದ ಹೆಸರು ಇಲ್ಲಿ ಬೇಡ. ನಾಲ್ವರೂ ವಿಂಡೋಸಿನವರು, ಅವರಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಇವಳೊಬ್ಬಳು ಹೊರಗೆ. ದಾರಿಗಳು ಇಷ್ಟೇ: ಲಿನಕ್ಸ್ ಬಿಟ್ಟು ಹಿಂದಕ್ಕೆ ಹೋಗುವುದು, ಶನಿವಾರವನ್ನು ಬಿಡುವುದು, ಇಲ್ಲವೆ ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳುವುದು. ಮನೆಗೆ ಬಂದ ನೆಂಟರಿಷ್ಟರ ಸಲಹೆ ಏನಿದ್ದಿರಬಹುದೆಂದು ನೀವು ಆಗಲೇ ಊಹಿಸಿದ್ದೀರಿ. ‘ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮ. ನಾಲ್ಕು ಜನ ಒಂದು ಕಡೆ ಇರುವಾಗ ನಿನ್ನದೇನು ಅಷ್ಟು ಹಟ?’

ಹೊಂದಿಕೊಳ್ಳುವುದು ಎಂಬ ಈ ಮಾತಿನ ಜೊತೆ ನನಗೆ ಮೂವತ್ತು ವರ್ಷಗಳ ಪರಿಚಯ. ಜೋಳದ ರೊಟ್ಟಿಯ ಸೀಮೆಯಿಂದ ರಾಗಿಮುದ್ದೆಯ ಸೀಮೆಗೆ, ಧಾರವಾಡದಿಂದ ತುಮಕೂರಿಗೆ, ಸೊಸೆಯಾಗಿ ಬಂದವಳು ನಾನು. ಮೊದಲ ವರ್ಷ ನಾನು ‘ಬರ್ರಿ, ಕೂಡ್ರಿ’ ಎಂದರೆ ಮಹಿಳಾ ಸಮಾಜದವರು ಪ್ರೀತಿಯಿಂದಲೇ ನಗುತ್ತಿದ್ದರು. ಎರಡನೆಯ ವರ್ಷಕ್ಕೆ ‘ಬನ್ನಿ, ಕೂತ್ಕೊಳ್ಳಿ’ ಬಂದುಬಿಟ್ಟಿತ್ತು. ರೊಟ್ಟಿ ಬಡಿಯುವ ಕೈ ಮುದ್ದೆ ತಿರುವಲು ಕಲಿಯಿತು. ಇದರಲ್ಲಿ ನಾನು ಕಳೆದುಕೊಂಡದ್ದು ಹೆಚ್ಚೇನಿಲ್ಲ. ಒಂದು ನಾಲಗೆಯ ಜಾಗದಲ್ಲಿ ಎರಡು ಸಿಕ್ಕವು, ಒಂದು ಊಟದ ಬದಲು ಎರಡು. ಹೊಂದಿಕೊಳ್ಳುವುದು ಸೋಲು ಎಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಂದಿಕೊಳ್ಳುವವರೇ ಇಲ್ಲದಿದ್ದರೆ ಮನೆಯೂ ಇಲ್ಲ, ಬಳಗವೂ ಇಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ಈ ಮೂವತ್ತು ವರ್ಷಗಳಲ್ಲಿ ಈ ಮನೆಯ ಯಾರೂ ರೊಟ್ಟಿ ಬಡಿಯುವುದನ್ನು ಕಲಿಯಲಿಲ್ಲ. ಬೇಡವೆಂದು ಅಲ್ಲ. ಕಲಿಯಬಹುದೆಂದು ಯಾರಿಗೂ ಹೊಳೆಯಲೇ ಇಲ್ಲ.

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಕಲೆತುಕೊಂಡಿವೆ ಎಂದು ನನಗೆ ತೋರುತ್ತದೆ. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಒಂದು, ಯಾರು ಬಿಟ್ಟುಕೊಡುತ್ತಿದ್ದಾರೆ ಎಂಬುದು ಇನ್ನೊಂದು. ರುಚಿಯನ್ನು, ಸೌಕರ್ಯವನ್ನು, ಅಭ್ಯಾಸವನ್ನು ಸ್ನೇಹಕ್ಕಾಗಿ ಬಿಡಬಹುದು, ಬಿಡಬೇಕು ಕೂಡ. ಲಿನಕ್ಸ್ ಬರಿಯ ರುಚಿಯಾಗಿದ್ದರೆ ನಾನೂ ಮಗಳಿಗೆ ‘ಹೋಗಲಿ ಬಿಡು’ ಎನ್ನುತ್ತಿದ್ದೆ. ಆದರೆ ಅವಳು ಕೊಡಬೇಕಾಗಿರುವುದು ರುಚಿಯನ್ನಲ್ಲ, ಕೀಲಿಕೈಯನ್ನು. ಗೆಳತಿ ಕೇಳಿದರೆ ಮನೆಯ ಕೀಲಿ ಕೊಡುವವರು ನಾವು. ಇಲ್ಲಿ ಗೆಳತಿ ಕೇಳುತ್ತಿಲ್ಲ. ಗೆಳತಿಯ ಹೆಸರು ಹೇಳಿಕೊಂಡು, ಮುಖ ಕಾಣದ ಮೂರನೆಯವನೊಬ್ಬ ಕೇಳುತ್ತಿದ್ದಾನೆ. ‘ಕೊಡದಿದ್ದರೆ ನಿನ್ನ ಸ್ನೇಹಿತೆಯರು ನಿನಗೆ ಸಿಗುವುದಿಲ್ಲ’ ಎನ್ನುವುದು ಅವನ ಷರತ್ತು, ಅವರದಲ್ಲ. ಬಹುಪಾಲು ಮನಸ್ತಾಪಗಳಲ್ಲಿ ಹೀಗೆಯೇ ಆಗುವುದು. ಕಟ್ಟಳೆ ಮಾಡಿದವನು ತೆರೆಯ ಹಿಂದೆ ಇರುತ್ತಾನೆ, ಮುನಿಸಿಕೊಳ್ಳುವುದು ಓರಗಿತ್ತಿಯರು.

ಹಾಗೆಂದು ಒಬ್ಬಂಟಿಯಾಗಿ ನಿಂತವರೆಲ್ಲ ಸರಿ ಎಂದೂ ಅಲ್ಲ. ಸಂತರ್ಪಣೆಯಲ್ಲಿ ಮಡಿ ಉಟ್ಟು ದೂರ ಕುಳಿತು, ಬೇರೆಯವರ ಎಲೆಯನ್ನು ಮೇಲಿಂದ ಕೆಳಗೆ ನೋಡುವವರನ್ನು ನೀವು ಕಂಡಿದ್ದೀರಿ. ತತ್ವಕ್ಕೂ ಅಂಥ ಮಡಿ ಅಂಟಿಕೊಳ್ಳಬಹುದು. ವಿಂಡೋಸ್ ಬಳಸುವವರೆಲ್ಲ ಗುಲಾಮರು ಎಂಬಂತೆ ಮಾತಾಡುವ ಹುಡುಗರ ಕತೆಗಳನ್ನು ಮಗಳೇ ಹೇಳಿ ನಕ್ಕಿದ್ದಾಳೆ. ಮೈಸೂರಿನವಳಿಗೆ ಬ್ಯಾಂಕಿನ ಕೆಲಸ, ಪುಣೆಯವಳಿಗೆ ಕೈಗೂಸು. ಭಾನುವಾರವಿಡೀ ಯಂತ್ರ ಬಿಚ್ಚಿ ಕೂರುವ ಪುರುಸೊತ್ತು ಅವರಿಗೆಲ್ಲಿಂದ ಬರಬೇಕು? ಆಯ್ಕೆ ಮಾಡಲು ಬಿಡುವು ಇರುವುದೂ ಒಂದು ಸಿರಿವಂತಿಕೆ. ಇನ್ನು ಆ ಸ್ಟಾಲ್‌ಮನ್ ಅವರ ವಿಷಯವನ್ನೇ ನೋಡಿ. ಒಳಗನ್ನು ಮುಚ್ಚಿಟ್ಟ ತಂತ್ರಾಂಶ ಅನೈತಿಕ ಎಂದು ನಿಷ್ಠುರವಾಗಿ ಹೇಳುತ್ತ ಬಂದವರು. ಆದರೆ 2012ರಲ್ಲಿ ಅಂಥ ಆಟಗಳು ಲಿನಕ್ಸಿಗೂ ಬರುವ ಮಾತು ಎದ್ದಾಗ, ಆ ಆಟಗಳು ತಪ್ಪೇ, ಆದರೂ ಅವುಗಳ ನೆಪದಲ್ಲಿ ಹೆಚ್ಚು ಜನ ಸ್ವತಂತ್ರ ವ್ಯವಸ್ಥೆಯ ಕಡೆಗೆ ಬಂದರೆ ಒಳಿತು ಕೆಡುಕಿಗಿಂತ ಹೆಚ್ಚಾಗಬಹುದು ಎಂಬರ್ಥದಲ್ಲಿ ಬರೆದರು. ಅಷ್ಟು ಕಟ್ಟುನಿಟ್ಟಿನವರೂ ಮನುಷ್ಯರ ಆಟದ ಆಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು ನನಗೆ ಹಿಡಿಸಿತು.

ಎಷ್ಟೋ ದಿನ ನಾನು ಇದನ್ನು ತತ್ವ ಮತ್ತು ಸ್ನೇಹದ ನಡುವಿನ ಜಗ್ಗಾಟವೆಂದೇ ನೋಡುತ್ತಿದ್ದೆ. ಈಗ ಹಾಗೆ ಕಾಣುವುದಿಲ್ಲ. ಕೇದಗೆ ಮಲ್ಲಿಗೆಯನ್ನು ಬರೆದು ಬಿಟ್ಟುಕೊಟ್ಟವರು, ಪರದೆಯ ಮೇಲಿನ ಪದಗಳಿಗೆ ಕನ್ನಡ ಹುಡುಕಿದವರು, ದುಭಾಷಿಯ ಕೆಲಸವನ್ನು ಮೂವತ್ತು ವರ್ಷ ಮಾಡಿದವರು, ಅವರದೂ ಒಂದು ಬಳಗವೇ ಅಲ್ಲವೇ? ಮಗಳು ಅವರ ಮುಖ ನೋಡಿಲ್ಲ, ಹೆಸರು ಕೇಳಿಲ್ಲ. ಆದರೆ ಅವರು ಚುಕ್ಕಿಯ ಲೆಕ್ಕ ಕೊಟ್ಟಿದ್ದರಿಂದ ಅವಳ ಅಂಗಳದಲ್ಲಿ ರಂಗೋಲಿ ಎದ್ದಿತು. ಒಂದು ಕಡೆ ಹೆಸರಿಲ್ಲದ ಆ ದೊಡ್ಡ ಬಳಗದ ಋಣ, ಇನ್ನೊಂದು ಕಡೆ ಹೆಸರು ಹಿಡಿದು ಕರೆಯುವ ನಾಲ್ವರ ಋಣ. ಎರಡೂ ಋಣಗಳೇ. ಅದಕ್ಕೇ ಈ ಆಯ್ಕೆ ನೋಯುವುದು. ನಾಳೆ ಜ್ವರ ಬಂದರೆ ಗಂಜಿ ಕಾಯಿಸಿದೆಯಾ ಎಂದು ಕೇಳುವವರು ನಾಲ್ವರು ಮಾತ್ರ, ದೊಡ್ಡ ಬಳಗವಲ್ಲ. ಅದನ್ನೂ ಮರೆಯುವಂತಿಲ್ಲ.

ಚರ್ಚೆಯ ದಿಕ್ಕು ಬದಲಾದದ್ದು ಹುಬ್ಬಳ್ಳಿಯವಳಿಂದ. ಅವಳಿಗೆ ಲಿನಕ್ಸಿನ ಗೊಡವೆಯೇ ಇಲ್ಲ. ಆದರೆ ಅವಳ ಕಂಪ್ಯೂಟರ್ ಹಳೆಯದು, ಅಣ್ಣ ಬಿಟ್ಟುಹೋದದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಭದ್ರತೆಯ ಚಿಪ್ಪು ಆ ಹಳೆಯ ಯಂತ್ರದಲ್ಲಿಲ್ಲ. ಅಂದರೆ ಇಂದು ತತ್ವಕ್ಕಾಗಿ ಒಬ್ಬಳು ಹೊರಗೆ ನಿಂತರೆ, ನಾಳೆ ದುಡ್ಡಿಲ್ಲವೆಂದು ಇನ್ನೊಬ್ಬಳು ನಿಲ್ಲಬೇಕಾದೀತು. ‘ಹಟ’ ಎಂಬ ಮಾತು ಅಲ್ಲಿಗೆ ನಿಂತಿತು. ಬಾಗಿಲು ಕಿರಿದಾಗುತ್ತ ಹೋದರೆ ಯಾರ ಹೆಗಲು ಯಾವಾಗ ತಾಗುತ್ತದೆಂದು ಮೊದಲೇ ಹೇಳಬರುವುದಿಲ್ಲ.

ಆ ಶನಿವಾರ ಹುಬ್ಬಳ್ಳಿಯವಳು ಕೇಳಿದಳಂತೆ, ‘ಅಲ್ಲಾ, ನಾವು ಆಟಾನೇ ಬ್ಯಾರೆ ಹಿಡದ್ರ ಹ್ಯಾಂಗ?’ ಇಷ್ಟು ದಿನ ಎಲ್ಲರೂ ‘ಅವಳು ಏನು ಮಾಡುತ್ತಾಳೆ’ ಎಂದು ಕಾಯುತ್ತಿದ್ದರು. ‘ನಾವು ಏನು ಮಾಡೋಣ’ ಎಂದವಳು ಇವಳೊಬ್ಬಳೇ. ನನಗೆ ನೆನಪಾದದ್ದು ಚೌಕಾಬಾರ. ಬೇರೆ ಊರಿನಿಂದ ಬೀಗಿತ್ತಿಯರು ಬಂದರೆ ಕವಡೆ ಮುಟ್ಟುವ ಮೊದಲು ಒಂದು ಪಂಚಾಯಿತಿ ಆಗಲೇಬೇಕು. ‘ನಮ್ಮಲ್ಲಿ ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ’, ‘ನಮ್ಮಲ್ಲಿ ಹಾಗೇನಿಲ್ಲ, ಹೋಗಬಹುದು’. ಸ್ವಲ್ಪ ಜಗ್ಗಾಡಿ, ಈ ಸಲ ನಿಮ್ಮ ಪದ್ಧತಿ, ಮುಂದಿನ ಸಲ ನಮ್ಮದು ಎಂದು ಗೊತ್ತುಮಾಡಿ ಕೂರುತ್ತಿದ್ದರು. ಕಟ್ಟಳೆ ಆಡುವವರ ಕೈಯಲ್ಲಿತ್ತು. ಅದು ನಮ್ಮ ಕೈಬಿಟ್ಟು ಹೋಗಿ ಎಷ್ಟು ದಿನವಾಯಿತೋ, ಕಟ್ಟಳೆಯನ್ನು ಕೂತು ಮಾತಾಡಬಹುದೆಂಬುದೇ ಮರೆತುಹೋಗಿದೆ.

ಮಾತು ಸಲೀಸಾಗಿ ಮುಗಿಯಲಿಲ್ಲ. ಬೆಂಗಳೂರಿನವಳು ಆ ಆಟದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಮೇಲಿನ ದರ್ಜೆಗೆ ಏರಿದ್ದಳು, ದುಡ್ಡು ಕೊಟ್ಟು ವೇಷಭೂಷಣ ಕೊಂಡಿದ್ದಳು. ‘ಅದೆಲ್ಲ ಬಿಟ್ಟು ಮಕ್ಕಳ ಆಟ ಆಡಲಾ?’ ಎಂದಳು. ಅವಳ ಮಾತಿನಲ್ಲೂ ನ್ಯಾಯವಿದೆ. ಒಬ್ಬಳ ಕೀಲಿಕೈ ದೊಡ್ಡದಾದರೆ ಇನ್ನೊಬ್ಬಳ ಬೆವರು ಸಣ್ಣದೇಕೆ? ಕೊನೆಗೆ ಆದದ್ದು ಇಷ್ಟು. ತಿಂಗಳಲ್ಲಿ ಎರಡು ಶನಿವಾರ ಎಲ್ಲ ಯಂತ್ರಗಳಲ್ಲೂ ನಡೆಯುವ ಆಟ, ಉಳಿದ ಶನಿವಾರ ಹಳೆಯ ಆಟ. ಅದಕ್ಕಾಗಿ ಮಗಳು ಬೇರೊಂದು ಸಣ್ಣ ಡಿಸ್ಕ್ ಕೊಂಡು ಅದರಲ್ಲಿ ವಿಂಡೋಸ್ ಹಾಕಿಕೊಂಡಳು. ಮನೆಯಲ್ಲಿ ಎರಡು ಒಲೆ ಇಟ್ಟ ಹಾಗೆ. ಆ ಡಿಸ್ಕಿನಲ್ಲಿ ಅವಳ ಪತ್ರವಿಲ್ಲ, ಫೋಟೋ ಇಲ್ಲ, ಬ್ಯಾಂಕಿನ ಲೆಕ್ಕವಿಲ್ಲ. ಲಿನಕ್ಸಿನ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದಾಳೆ. ಕಾವಲುಗಾರನನ್ನು ಜಗಲಿಯಲ್ಲಿ ಕೂರಿಸಿ ನಡುಮನೆಯ ಬಾಗಿಲು ಹಾಕಿಕೊಳ್ಳುವ ಏರ್ಪಾಡು. ಪೂರ್ತಿ ನೆಮ್ಮದಿ ಇಲ್ಲ, ಆದರೆ ಇಷ್ಟು ಅಪಾಯವನ್ನು ಗೆಳತಿಯರಿಗಾಗಿ ತಾನೇ ತಿಳಿದು ಒಪ್ಪಿಕೊಂಡಿದ್ದೇನೆ ಎನ್ನುತ್ತಾಳೆ. ತಿಳಿದು ಒಪ್ಪಿಕೊಳ್ಳುವುದಕ್ಕೂ ಗೊತ್ತಿಲ್ಲದೆ ಗುಂಡಿ ಒತ್ತುವುದಕ್ಕೂ ನಡುವೆ ಬಹಳ ಅಂತರವಿದೆ.

ಇದನ್ನು ಆಷಾಢಭೂತಿತನ ಎಂದು ಯಾರಾದರೂ ಅಂದಾರು. ನನಗೆ ಹಾಗೆನ್ನಿಸದು. ಇಬ್ಬರ ಮನೆಯ ನಡುವೆ ಬದುಕುವ ಹೆಣ್ಣಿಗೆ ಎರಡು ಒಲೆ ಹಚ್ಚುವ ಕಲೆ ಗೊತ್ತಿರುತ್ತದೆ. ನೋಡಬೇಕಾದ್ದು ಒಂದೇ, ಎರಡನೆಯ ಒಲೆಯನ್ನು ಯಾವಾಗಲೂ ಅವಳೇ ಹಚ್ಚಬೇಕೇ ಎಂಬುದು. ಮಗಳ ಬಳಗದಲ್ಲಿ ಇನ್ನು ಮುಂದೆ ಹಾಗಿಲ್ಲ. ಆದರೆ ಗೆಲುವೆಂದು ನಾನು ಬೀಗುವಂತೆಯೂ ಇಲ್ಲ. ಬೆಂಗಳೂರಿನವಳು ಹಳೆಯ ಆಟದ ಶನಿವಾರ ಮಾತ್ರ ಬರುತ್ತಾಳೆ, ಈಚೆಗೆ ಅದನ್ನೂ ಒಮ್ಮೊಮ್ಮೆ ತಪ್ಪಿಸುತ್ತಾಳೆ. ಎಲ್ಲ ಯಂತ್ರದಲ್ಲಿ ನಡೆಯುವ ಆಟದ ರಾತ್ರಿ ಪಕ್ಕದ ಕೋಣೆಯಿಂದ ನನಗೆ ನಾಲ್ಕೇ ಹೆಸರುಗಳು ಕೇಳಿಸುತ್ತವೆ. ಐದನೆಯದು ಬಾರದಿದ್ದಾಗ ಮಗಳ ದನಿ ಒಂದಿಷ್ಟು ತಗ್ಗುವುದು ತಾಯಿಯಾದ ನನಗೆ ಗೊತ್ತಾಗುತ್ತದೆ. ಸರಿಯಾದದ್ದನ್ನು ಮಾಡಿದರೂ ಏನೋ ಒಂದು ಕಳೆಯುತ್ತದೆ. ಬೆಂಗಳೂರಿನವಳು ಕೆಟ್ಟವಳಲ್ಲ. ಇವಳೂ ಅಲ್ಲ.

ಆಟ ಯಾರಿಚ್ಛೆ ಎಂದರೆ, ಆಡುವವರೆಲ್ಲರ ಇಚ್ಛೆ ಎಂದೇ ನನ್ನ ಉತ್ತರ. ಬಹುಮತದ ಇಚ್ಛೆಯಲ್ಲ, ಕಟ್ಟಳೆ ಕಳಿಸಿದ ಕಂಪನಿಯ ಇಚ್ಛೆಯೂ ಅಲ್ಲ, ತತ್ವ ಹಿಡಿದವಳೊಬ್ಬಳ ಇಚ್ಛೆಯೂ ಅಲ್ಲ. ಎಲ್ಲರ ಇಚ್ಛೆಯೂ ಒಂದೇ ದಿನ ಕೂಡಿಬರಲಾರದು. ಅದಕ್ಕೇ ಸರದಿ ಬೇಕು, ಸರದಿ ಬೇಕಾದರೆ ಮೊದಲು ಒಬ್ಬರು ಕೇಳಬೇಕು. ಕಂಪ್ಯೂಟರಿನ ಗೊಡವೆಯಿಲ್ಲದ ಮನೆಗಳಲ್ಲೂ ಈ ಮಾತು ಸಲ್ಲುತ್ತದೆ. ನಿಮ್ಮ ಬಳಗದಲ್ಲೂ ಪ್ರತಿ ಸಲ ‘ನನ್ನದೇನಿಲ್ಲ, ನೀವು ಹೇಳಿದ ಹಾಗೆ’ ಎಂದು ನಗುನಗುತ್ತ ಒಪ್ಪುವವಳು ಒಬ್ಬಳಿರುತ್ತಾಳೆ. ಮುಂದಿನ ಸಲ ಊರು, ಊಟ, ಆಟ ಏನನ್ನೇ ಗೊತ್ತುಮಾಡುವ ಮೊದಲು ಅವಳನ್ನು ಒಂದು ಮಾತು ಕೇಳಿ ನೋಡಿ. ಉತ್ತರ ತಟ್ಟನೆ ಬಾರದಿದ್ದರೆ ಸ್ವಲ್ಪ ಕಾಯಿರಿ. ಕೇಳಿಸಿಕೊಂಡು ಅವಳಿಗೆ ರೂಢಿ ಇರುವುದಿಲ್ಲ.